ನೋಡೋಣಪ್ಪನವರ ಫಿಲ್ಮು

ಬೀದಿಯ ಮೂಲೆಯ ಹಾಸಿಗೆ ಅಂಗಡಿಗೆ ಹೋದ ಗಿರಾಕಿ ಬರಿಗೈಯಲ್ಲಿ ಹಿಂದಿರುಗಿದ್ದು ಕಡಿಮೆ. ಅದಕ್ಕೆ ಕಾರಣ ಅಲ್ಲಿನ ಹಾಸಿಗೆಗಳಲ್ಲ, ಅವನ್ನು ಮಾರುವ ಒಬ್ಬ ಮನುಷ್ಯ. ಗಿರಾಕಿ ಬಾಗಿಲು ದಾಟಿ ಬರುವ ನಡಿಗೆ ನೋಡಿಯೇ, ಇವನ ಬೆನ್ನಿಗೆ ನಾರಿನದು ಒಗ್ಗುತ್ತದೋ ಫೋಮಿನದು ಒಗ್ಗುತ್ತದೋ ಎಂದು ಅವರು ಹೇಳಿಬಿಡುತ್ತಿದ್ದರು. ಗಂಡನಿಗೆ ಗಟ್ಟಿ ಹಾಸಿಗೆ ಬೇಕು, ಹೆಂಡತಿಗೆ ಮೆತ್ತನೆಯದು ಬೇಕು ಎಂದು ಅಂಗಡಿಯ ನಡುವೆ ಜಗಳ ಹತ್ತಿಕೊಂಡರೆ, ಇಬ್ಬರನ್ನೂ ಪಕ್ಕಪಕ್ಕ ಮಲಗಿಸಿ, ಫ್ಯಾನು ಹಾಕಿ, ತಾವು ಸ್ವಲ್ಪ ದೂರ ಹೋಗಿ ನಿಲ್ಲುತ್ತಿದ್ದರು. ಎದ್ದು ಬರುವ ಹೊತ್ತಿಗೆ ದಂಪತಿಗಳು ರಾಜಿಯಾಗಿರುತ್ತಿದ್ದರು.

ಊರಿಗೆಲ್ಲ ಹೀಗೆ ತೀರ್ಮಾನ ಹಂಚುವ ಈ ಮನುಷ್ಯರಿಗೆ ಸ್ವಂತ ವಿಷಯದಲ್ಲಿ ಮಾತ್ರ ಒಂದೂ ಬಗೆಹರಿಯುತ್ತಿರಲಿಲ್ಲ. ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರು. ಅಂಗಡಿಯಲ್ಲಿ, ಬೀದಿಯಲ್ಲಿ, ನೆಂಟರ ನಡುವೆ ಅವರ ಹೆಸರು ನೋಡೋಣಪ್ಪ ಎಂದೇ ಆಗಿಹೋಗಿತ್ತು. ಛತ್ರಿ ಕೊಳ್ಳಲು ಹೋದರೆ ಕೋಲಿನದೋ ಮಡಚುವುದೋ ಗೊತ್ತಾಗದೆ ಎರಡನ್ನೂ ತಂದು, ಯಾವುದನ್ನು ಹಿಡಿಯುವುದೆಂದು ಯೋಚಿಸುತ್ತ ನೆನೆದುಕೊಂಡು ಬರುವವರು ಅವರು.

ಅವರ ಹೆಂಡತಿ ನೇರ ವಿರುದ್ಧ. ಆಕೆಯದು ಲ್ಯಾಬಿನಲ್ಲಿ ಪರೀಕ್ಷೆಗೆಂದು ಬಂದವರ ರಕ್ತ ತೆಗೆಯುವ ಕೆಲಸ. ಸೂಜಿ ಹಿಡಿದು ಯೋಚಿಸುತ್ತ ನಿಂತರೆ ತೋಳು ಚಾಚಿದವನು ಎದ್ದು ಓಡುತ್ತಾನೆ ಎನ್ನುವುದು ಆಕೆಯ ಸಿದ್ಧಾಂತ. ಮದುವೆಯ ಮಾತುಕತೆಯ ದಿನ ಹುಡುಗನಿಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗ, ಹುಡುಗ ವಾಡಿಕೆಯಂತೆ "ನೋಡೋಣ" ಅಂದಿದ್ದ. "ನೋಡಿ ಆಯ್ತಲ್ಲ, ಇನ್ನೇನು ನೋಡೋದು" ಎಂದು ಹುಡುಗಿಯೇ ಮಾತು ಮುಗಿಸಿದ್ದಳು.

ಗಂಡನ ಹುಚ್ಚುಗಳನ್ನು ಆಕೆ ಸಹಿಸಿಕೊಂಡು ಬಂದಿದ್ದರು. ಒಮ್ಮೆ ಕೊಳಲಿನ ಹುಚ್ಚು ಹಿಡಿದಿತ್ತು. ದಪ್ಪದ್ದೊಂದು, ಸಣ್ಣದ್ದೊಂದು ಬಂದು ಬೀರುವಿನ ಮೇಲೆ ಮಲಗಿದವು. ಆಮೇಲೆ ಮೀನಿನ ತೊಟ್ಟಿ ಬಂತು. ಯಾವ ತಿಂಡಿ ಹಾಕುವುದೆಂದು ಯಜಮಾನರು ನೋಡೋಣ ನೋಡೋಣ ಎನ್ನುತ್ತಿರುವಾಗ ಮೀನುಗಳು ಕಾಯುವಷ್ಟು ಕಾದು ತೀರಿಕೊಂಡವು. ಅಂದು ಹೆಂಡತಿ ಅವರಿಂದ ಒಂದು ಮಾತು ತೆಗೆದುಕೊಂಡರು: ಇನ್ನು ಮೇಲೆ ಏನೇ ಹೊಸದನ್ನು ಹಚ್ಚಿಕೊಂಡರೂ ಮೊದಲು ತನಗೆ ಹೇಳಬೇಕು. ನೋಡೋಣಪ್ಪನವರು ಮೀನಿನ ತೊಟ್ಟಿಯ ಎದುರಿಗೇ ನಿಂತು ಒಪ್ಪಿಕೊಂಡರು.

ಆ ಮಾತು ಮುರಿಯುವಂತೆ ಮಾಡಿದ್ದು ಒಂದು ಕಾಗೆ.

ನಾದಿನಿಯ ಮನೆಗೆ ಹೋದ ಒಂದು ಭಾನುವಾರ ಹೆಂಡತಿ ಮತ್ತು ನಾದಿನಿ ಅಡುಗೆಮನೆ ಸೇರಿದರು. ನಾದಿನಿಯ ಗಂಡ, ಅಂದರೆ ನೋಡೋಣಪ್ಪನವರ ಷಡ್ಡಕ, ತನ್ನ ಹೊಸ ಡಿಜಿಟಲ್ ಕ್ಯಾಮೆರಾವನ್ನು ಟೀವಿಗೆ ಸಿಕ್ಕಿಸಿ, ತಾನು ತೆಗೆದ ಫೋಟೊಗಳನ್ನು ತೋರಿಸಲು ಶುರುಮಾಡಿದ. ವಯಸ್ಸಿನಲ್ಲಿ ಚಿಕ್ಕವನಾದರೂ ಗತ್ತಿನಲ್ಲಿ ಅವನು ದೊಡ್ಡವನು. ತೋರಿಸಿದ್ದೆಲ್ಲ ಒಂದೇ ಕಾಗೆ. ಎಡಕ್ಕೆ ನೋಡುವ ಕಾಗೆ, ಬಲಕ್ಕೆ ನೋಡುವ ಕಾಗೆ, ಎಲ್ಲಿಯೂ ನೋಡಬೇಕೆನ್ನಿಸದ ಕಾಗೆ, ಹಾರುವ ಮುಂಚಿನ ಕಾಗೆ, ಹಾರಿಹೋದ ಮೇಲೆ ಉಳಿದ ತಂತಿ. ಪ್ರತಿಯೊಂದಕ್ಕೂ ಷಡ್ಡಕ ಪಕ್ಕಕ್ಕೆ ತಿರುಗಿ ಹೇಗಿದೆ ಭಾವ ಎಂದು ಕೇಳುತ್ತಿದ್ದ. ತಂತಿಯ ಹೊತ್ತಿಗೆ ನೋಡೋಣಪ್ಪನವರ ಸಹನೆ ಕಿತ್ತುಹೋಯಿತು.

"ಎಲ್ಲಾ ಸರಿ. ಆದ್ರೆ ಡಿಜಿಟಲ್‌ನಲ್ಲಿ ಜೀವ ಇರಲ್ಲ" ಅಂದರು.

ಈ ಮಾತು ಅವರದಲ್ಲ. ಅಂಗಡಿಯಲ್ಲಿ ಹಾಸಿಗೆಯ ಮೇಲೆ ಅಂಗಾತ ಮಲಗಿ ಫೋನಿನಲ್ಲಿ ಮಾತಾಡುತ್ತಿದ್ದ ಒಬ್ಬ ಗಡ್ಡದ ಗಿರಾಕಿಯದು. ಆದರೆ ಬಾಯಿಂದ ಹೊರಬಿದ್ದ ಮೇಲೆ ಯಾರದಾದರೇನು. ಷಡ್ಡಕ ರಿಮೋಟನ್ನು ಕೆಳಗಿಟ್ಟು, ಹಾಗಾದರೆ ನೀವು ಏನು ಮಾಡಿದ್ದೀರಿ ಭಾವ ಎಂದು ನಯವಾಗಿ ಕೇಳಿದ. ತಾನೂ ಒಂದು ಶುರುಮಾಡುತ್ತಿರುವುದಾಗಿಯೂ, ಅದು ಇಂಥದ್ದಲ್ಲ, ಬೇರೆಯೇ ಥರದ್ದೆಂದೂ, ಸಮಯ ಬಂದಾಗ ಗೊತ್ತಾಗುತ್ತದೆಂದೂ ಭಾವ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಎಂಥ ಗಾಂಭೀರ್ಯವಿತ್ತೆಂದರೆ ಷಡ್ಡಕ ಟೀವಿ ಆರಿಸಿದ.

ಮರುದಿನವೇ ನೋಡೋಣಪ್ಪನವರು ಕ್ಯಾಮೆರಾ ಅಂಗಡಿಯಲ್ಲಿದ್ದರು. ಅದರ ಮಾಲೀಕ ಒಬ್ಬ ಮುದುಕ; ಎಲ್ಲರೂ ಕ್ಯಾಮೆರಾ ತಾತ ಎನ್ನುತ್ತಾರೆ. ಎಡಗಡೆಯ ಗಾಜಿನ ಕಪಾಟಿನಲ್ಲಿ ಫಿಲ್ಮ್ ರೋಲು ಹಾಕುವ ಹಳೆಯ ಕ್ಯಾಮೆರಾಗಳು, ಬಲಗಡೆ ಡಿಜಿಟಲ್. ತಾತ ಎರಡನ್ನೂ ಮಾರುತ್ತಿದ್ದ, ಎರಡನ್ನೂ ಬೈಯುತ್ತಿದ್ದ. ಫಿಲ್ಮಿನದು ಗುಮ್ಮನಗುಸುಕ, ತಪ್ಪಾದರೆ ಫೋಟೊ ತೊಳೆಸುವವರೆಗೂ ಹೇಳುವುದಿಲ್ಲ. ಡಿಜಿಟಲ್ಲು ಚಾಡಿಕೋರ, ತಪ್ಪು ಮಾಡಿದ ಕೂಡಲೇ ಹೇಳಿಬಿಡುತ್ತದೆ. ಹೊಸಬನಿಗೆ ಯಾವುದು ಒಳ್ಳೆಯದು ಎಂದು ನೋಡೋಣಪ್ಪನವರು ಕೇಳಿದರು. ತಾತ ಕನ್ನಡಕದ ಮೇಲಿಂದ ಅವರನ್ನು ಅಳೆದ.

"ನೀವು ಯೋಚಿಸಿ ತಪ್ಪು ಮಾಡೋರಾ, ತಪ್ಪು ಮಾಡಿ ಯೋಚಿಸೋರಾ?"

ನೋಡೋಣಪ್ಪನವರು ಈ ಪ್ರಶ್ನೆಯನ್ನು ಯೋಚಿಸುತ್ತ ಎಷ್ಟು ಹೊತ್ತು ನಿಂತರೆಂದರೆ ನಡುವೆ ಇಬ್ಬರು ಗಿರಾಕಿಗಳು ಬಂದು ಹೋದರು. ಕೊನೆಗೆ ತಾತನೇ ಬೇಸತ್ತು, ಎಡಗಡೆಯಿಂದ ಒಂದು ಹಳೆಯ ಕ್ಯಾಮೆರಾವನ್ನೂ ಒಂದು ರೋಲನ್ನೂ ಕೈಗಿಟ್ಟು, ಮನೆಗೆ ಒಯ್ದು ನೋಡಿ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ತಂದುಕೊಟ್ಟು ಬಲಗಡೆಯದನ್ನು ಒಯ್ಯಿರಿ ಅಂದ. ಅವರು ಅದನ್ನು ತಂದು, ಮನೆಯ ಚಪ್ಪಲಿ ಗೂಡಿನಲ್ಲಿ, ಹಳೆಯ ಬೂಟಿನ ಡಬ್ಬಿಯೊಳಗೆ ಅಡಗಿಸಿದರು. ಹೆಂಡತಿಗೆ ನಾಳೆ ಹೇಳಿದರಾಯಿತು ಅಂದುಕೊಂಡರು. ನಾಳೆಯೂ ಹಾಗೆಯೇ ಅಂದುಕೊಂಡರು.

ಅನುಮಾನಗಳು ಮಾತ್ರ ದಿನಕ್ಕೊಂದು ಹುಟ್ಟುತ್ತಿದ್ದವು. ಅವನ್ನು ತಾತನ ಹತ್ತಿರ ಫೋನಿನಲ್ಲಿ ಬಗೆಹರಿಸಿಕೊಳ್ಳಲು ಅವರು ಮಹಡಿ ಮೆಟ್ಟಿಲಿನ ತಿರುವಿಗೆ ಬರುತ್ತಿದ್ದರು. ಮನೆಯೊಳಗೆ ಹೆಂಡತಿಗೆ ಕೇಳಿಸುತ್ತದೆ ಎಂಬ ಭಯ. ಮೆಟ್ಟಿಲಿಗೆ ಆನಿಕೊಂಡೇ ಇದ್ದ ಕೆಳಗಿನ ಮನೆ ಒಬ್ಬ ನಿವೃತ್ತ ಟೈಪಿಂಗ್ ಮೇಷ್ಟ್ರದು. ತರಗತಿಯಲ್ಲಿ ಬೆನ್ನು ತಿರುಗಿಸಿ ನಿಂತೇ ಯಾವ ಹುಡುಗ ಯಾವ ಅಕ್ಷರ ತಪ್ಪು ಒತ್ತಿದ ಎಂದು ಹೇಳುತ್ತಿದ್ದ ಕಿವಿ ಅವರದು. ಒಂದು ಸಂಜೆ ಆ ಕಿವಿಗೆ ಬಿದ್ದದ್ದು ಇಷ್ಟು:

"ಇಲ್ಲ, ಫಿಲ್ಮೇ ಮಾಡೋಣ ಅಂತ ಮನಸ್ಸು. ಡಿಜಿಟಲ್ ಆಮೇಲೆ ನೋಡೋಣ... ಕಪ್ಪು ಬಿಳುಪಲ್ಲೇ... ಮೊದಲು ಮುಖಗಳನ್ನ ತೆಗೀಬೇಕು ಅಂತ. ವಯಸ್ಸಾದ ಮುಖ ಸಿಕ್ರೆ ಒಳ್ಳೇದು, ಗೆರೆಗಳು ಚೆನ್ನಾಗಿ ಬರುತ್ತೆ ಅಲ್ವಾ... ಮನೇಲಿ ಇನ್ನೂ ಹೇಳಿಲ್ಲ. ಗೊತ್ತಾದ್ರೆ ರಾಮಾಯಣ ಆಗುತ್ತೆ."

ಮೇಷ್ಟ್ರು ಮೆಲ್ಲಗೆ ಬಾಗಿಲು ಮುಚ್ಚಿಕೊಂಡರು. ಮೇಲಿನ ಮನೆಯ ಹಾಸಿಗೆ ಮಾರುವವರು ಹೆಂಡತಿಗೂ ಹೇಳದೆ ಫಿಲ್ಮ್ ಮಾಡಲು ಹೊರಟಿದ್ದಾರೆ. ಅದೂ ಕಪ್ಪು ಬಿಳುಪಿನದು. ಅಂದಮೇಲೆ ಸಾಮಾನ್ಯ ಫಿಲ್ಮಲ್ಲ, ಕಲಾತ್ಮಕವಾದದ್ದು. ಅದಕ್ಕೆ ವಯಸ್ಸಾದ ಮುಖ ಬೇಕಾಗಿದೆ. ಮೇಷ್ಟ್ರು ಕನ್ನಡಿಯ ಮುಂದೆ ಹೋಗಿ ನಿಂತರು. ಅಲ್ಲಿ ಕಂಡ ಮುಖದಲ್ಲಿ ಗೆರೆಗಳಿಗೇನೂ ಬರವಿರಲಿಲ್ಲ. ಮರುದಿನದಿಂದ ಅವರು ಗಡ್ಡ ಹೆರೆಯುವುದನ್ನು ನಿಲ್ಲಿಸಿದರು.

ಇಂಥ ಗುಟ್ಟು ಒಬ್ಬರ ಹೊಟ್ಟೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ. ಮೇಷ್ಟ್ರು ಅದನ್ನು ಎದುರು ಮನೆಯ ಟೈಲರಮ್ಮನಿಗೆ, ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ ಹೇಳಿದರು. ಟೈಲರಮ್ಮ ಅದೇ ಕರಾರಿನ ಮೇಲೆ ತನ್ನ ಹತ್ತಿರ ಬಟ್ಟೆ ಹೊಲಿಸುವವರಿಗೆಲ್ಲ ಹೇಳಿ, ಪಾತ್ರಧಾರಿಗಳ ಉಡುಪಿನ ಹೊಣೆ ತನ್ನದೇ ಎಂದು ತಾನೇ ತೀರ್ಮಾನಿಸಿಕೊಂಡರು. ನೋಡೋಣಪ್ಪನವರು ಬೀದಿಯಲ್ಲಿ ನಡೆದರೆ ಜನ ಎದ್ದು ನಿಲ್ಲತೊಡಗಿದರು. ಪೇಪರಿನವನು ಪೇಪರನ್ನು ಎಸೆಯುವುದು ಬಿಟ್ಟು ಕೈಗೆ ಕೊಟ್ಟು, ಒಂದು ಕ್ಷಣ ಪಕ್ಕಕ್ಕೆ ತಿರುಗಿ ತನ್ನ ಮೂಗಿನ ಅಂದ ತೋರಿಸಿ ಹೋದ. ಇದ್ದಕ್ಕಿದ್ದಂತೆ ಲೋಕ ಇಷ್ಟು ಒಳ್ಳೆಯದೇಕಾಯಿತೆಂದು ನೋಡೋಣಪ್ಪನವರಿಗೆ ತಿಳಿಯಲಿಲ್ಲ. ಹೊಸ ಶರ್ಟು ತನಗೆ ಒಪ್ಪುತ್ತಿರಬೇಕು ಅಂದುಕೊಂಡರು.

ಸುದ್ದಿ ಹಾಸಿಗೆ ಅಂಗಡಿಯ ಯಜಮಾನರಿಗೂ ಮುಟ್ಟಿತು. ಅವರು ನೋಡೋಣಪ್ಪನವರನ್ನು ಒಳಕೋಣೆಗೆ ಕರೆಸಿ, ತಮ್ಮ ಎದುರಿನ ಮೆತ್ತನೆಯ ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ಕೂತ ನೌಕರ ಅದುವರೆಗೆ ಯಾರೂ ಇರಲಿಲ್ಲ.

"ಫಿಲ್ಮು ಅಂತ ತೀರ್ಮಾನ ಮಾಡಿದ್ದೀರಂತೆ" ಎಂದರು ಯಜಮಾನರು.

ನೋಡೋಣಪ್ಪನವರು ಕುರ್ಚಿಯ ಅಂಚಿಗೆ ಸರಿದರು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ತಾತನಿಗೆ ಫೋನು ಮಾಡಿದ್ದು ಗೊತ್ತಾಗಿರಬೇಕು. "ಹೂಂ ಸಾರ್. ಸಣ್ಣದಾಗಿ. ಭಾನುವಾರ ಮಾತ್ರ, ಕೆಲಸಕ್ಕೆ ತೊಂದರೆ ಆಗಲ್ಲ."

"ಬಣ್ಣದ್ದಾ?"

"ಕಪ್ಪು ಬಿಳುಪು ಸಾರ್."

"ಎಷ್ಟು ಬರುತ್ತೆ ಒಟ್ಟು?"

"ಮೂವತ್ತಾರು ಸಾರ್." ಒಂದು ರೋಲಿನಲ್ಲಿ ಅಷ್ಟೇ ಫೋಟೊ ಬರುವುದು. ಯಜಮಾನರು ಅವನ್ನು ನಿಮಿಷಗಳೆಂದು ತಿಳಿದು, ಬಹುಮಾನ ಬರುವುದೆಲ್ಲ ಚಿಕ್ಕದಕ್ಕೇ ಎಂದು ತಲೆದೂಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಎಲ್ಲಾದರೂ ಒಂದು ಕಡೆ ನಮ್ಮ ಹಾಸಿಗೆಯೂ ಕಾಣುವ ಹಾಗೆ ಮಾಡಲಾಗುತ್ತದೆಯೇ ಎಂದು ಕೇಳಿದರು. ಬೆಳಕಿರುವ ಕಡೆ ಹಾಸಿದರೆ ಬಂದೇ ಬರುತ್ತದೆ ಎಂದು ನೋಡೋಣಪ್ಪನವರು ಹೇಳಿದರು.

"ಅದರ ಮೇಲೆ ಯಾರು ಮಲಗ್ತಾರೆ?"

"ಯಾರಾದ್ರೂ ಆಗಬಹುದು ಸಾರ್. ನೀವೇ ಮಲಗಿದ್ರೂ ಆಗುತ್ತೆ."

ಯಜಮಾನರು ತಲೆ ಸವರಿಕೊಂಡರು. ಹಾಸಿಗೆ ಮಾರುತ್ತಲೇ ತಲೆ ನೆರೆಸಿಕೊಂಡ ಆ ಮನುಷ್ಯರಿಗೆ ಜೀವಮಾನದಲ್ಲಿ ಯಾರೂ ಇಂಥ ಅವಕಾಶ ಕೊಟ್ಟಿರಲಿಲ್ಲ. ಅಂದು ಸಂಜೆ ಅವರು ತಲೆಗೆ ಕಪ್ಪು ಹಚ್ಚಿಸಿಕೊಂಡರೆಂದು ಆಮೇಲೆ ತಿಳಿಯಿತು.

ಇಷ್ಟಾದರೂ ವಿಷಯ ತಿಳಿಯದೆ ಉಳಿದವರು ನೋಡೋಣಪ್ಪನವರ ಹೆಂಡತಿ ಒಬ್ಬರೇ. ಟೈಲರಮ್ಮ ರಕ್ತದ ಸಕ್ಕರೆ ನೋಡಿಸಲು ಲ್ಯಾಬಿಗೆ ಹೋದ ದಿನ ಆ ಕೊರತೆಯೂ ತುಂಬಿತು. ತೋಳಿಗೆ ರಬ್ಬರಿನ ಪಟ್ಟಿ ಕಟ್ಟಿಸಿಕೊಂಡು ಕೂತ ಟೈಲರಮ್ಮ ಪ್ರೀತಿಯಿಂದಲೇ ಕೇಳಿದರು.

"ನಿಮ್ಮನೆಯವರು ಫಿಲ್ಮ್ ಮಾಡ್ತಿದಾರಂತೆ. ನಿಮಗೂ ಒಂದು ಪಾರ್ಟ್ ಇಟ್ಟಿರ್ತಾರೆ ಬಿಡಿ."

ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಆಕೆಯ ಸೂಜಿ ನರ ತಪ್ಪಿತು. ಇನ್ನೊಂದು ತೋಳಿನಿಂದ ರಕ್ತ ತೆಗೆಯುವಷ್ಟರಲ್ಲಿ ಟೈಲರಮ್ಮ ಮಿಕ್ಕ ವಿವರವನ್ನೂ ಹೇಳಿದರು: ಕಪ್ಪು ಬಿಳುಪು, ವಯಸ್ಸಾದ ಮುಖಗಳು, ಹಾಸಿಗೆಯ ಮೇಲೆ ಅಂಗಡಿಯ ಯಜಮಾನರು.

ಹೆಂಡತಿ ಮನೆಗೆ ಬಂದು ಬಟ್ಟೆ ಮಡಚಲು ಕೂತರು. ಗಂಡನೇ ಹೇಳಲಿ ಎಂದು ಕಾದರು. ಗಂಡ ಅಂದಿನ ಸೆಕೆಯ ಬಗ್ಗೆ ಮಾತಾಡಿದರು. ಇಡೀ ರಾಶಿ ಮಡಚಿ ಮುಗಿದ ಮೇಲೆ ಆಕೆ ತಲೆಯೆತ್ತದೆ ಹೇಳಿದರು.

"ನಂಗೆ ಗೊತ್ತಾಯ್ತು."

ನೋಡೋಣಪ್ಪನವರ ಕಣ್ಣು ತಾನಾಗಿ ಚಪ್ಪಲಿ ಗೂಡಿನ ಕಡೆ ಹೋಯಿತು. "ಹೇಳೋಣ ಅಂತಲೇ ಇದ್ದೆ."

"ಊರಿಗೆಲ್ಲ ಗೊತ್ತಿದೆ. ಟೈಲರಮ್ಮನಿಗೆ ಗೊತ್ತು, ನಿಮ್ಮ ಯಜಮಾನ್ರಿಗೆ ಗೊತ್ತು. ಬೇಡ ಅಂತಿದ್ನಾ ನಾನು? ಕೊಳಲು ತಂದಾಗ ಬೇಡ ಅಂದ್ನಾ? ಒಂದು ಮಾತು ನಂಗೆ ಮೊದಲು ಹೇಳಿ ಅಂತ ಕೇಳಿದ್ದೆ. ಅಷ್ಟೇ ಅಲ್ವಾ ನಾನು ಕೇಳಿದ್ದು?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಒಂದು ಹಳೆಯ ಕ್ಯಾಮೆರಾಕ್ಕೆ ಇವಳು ಇಷ್ಟು ನೊಂದುಕೊಂಡಳಲ್ಲ ಎಂದು ನೋಡೋಣಪ್ಪನವರು ಕಣ್ಣು ಕಣ್ಣು ಬಿಟ್ಟರು. ತಾನು ಮಾತು ತಪ್ಪಿದ್ದು ನಿಜ. ಅದಕ್ಕೆ ಏನು ಹೇಳುವುದೆಂದು ಹುಡುಕುತ್ತಿರುವಾಗ ಆಕೆ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಹೋದವರು ತಂದೆಗೆ ಫೋನು ಮಾಡಿದರು.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯಾದರೂ ಅವರು ಬಾವುಟ ತೋರಿಸದೆ ಮನೆಯಲ್ಲಿ ಏನೂ ಹೊರಡುತ್ತಿರಲಿಲ್ಲ. ಅತ್ತೆ ಮಾತು ಬಲು ಕಡಿಮೆ. ಮದುವೆಯಾದಾಗಿನಿಂದ ಅವರ ಎಲ್ಲ ಮಾತನ್ನೂ ಮಾವನವರೇ ಆಡಿ ಮುಗಿಸುತ್ತಿದ್ದರು. ಇಬ್ಬರೂ ಬಂದಿಳಿದರು. ಜೊತೆಗೆ ನಾದಿನಿಯನ್ನೂ ಷಡ್ಡಕನನ್ನೂ ಕರೆತಂದಿದ್ದರು. ನಡುಮನೆಯಲ್ಲಿ ವಿಚಾರಣೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಏನೋ ಸದ್ದು ಕೇಳಿಸಿತೆಂದು ಮೇಷ್ಟ್ರು ಬಂದರು; ಮೇಷ್ಟ್ರು ಬಂದರೆಂದು ಟೈಲರಮ್ಮ ಬಂದರು; ಹಾಸಿಗೆಯನ್ನು ಎಂದು ಕಳಿಸಲಿ ಎಂದು ಕೇಳಲು ಯಜಮಾನರು ಬಂದರು.

ಮಾವನವರು ನಿಂತುಕೊಂಡೇ ಮಾತಾಡಿದರು. ತಮ್ಮ ಮನೆತನದಲ್ಲಿ ಫಿಲ್ಮಿಗೆ ಹೋದವರು ಯಾರೂ ಇಲ್ಲ. ಹೋದವರು ಉದ್ಧಾರವಾದದ್ದನ್ನೂ ತಾವು ಕಂಡಿಲ್ಲ. ಮಗಳು ಹಗಲೆಲ್ಲ ಕಂಡವರ ತೋಳು ಹಿಡಿದು ದುಡಿಯುವಾಗ ಗಂಡನಾದವನು ಕೆಲಸ ಬಿಟ್ಟು ಇಂಥದ್ದಕ್ಕೆ ಇಳಿಯುವುದೇ. ಇದಕ್ಕೆ ಷಡ್ಡಕ, ಬೇರೆ ಥರದ್ದು ಮಾಡುತ್ತಿದ್ದೇನೆ ಎಂದು ಭಾವ ತನಗೆ ಅಂದೇ ಹೇಳಿದ್ದರೆಂದು ಸಾಕ್ಷಿ ನುಡಿದ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕಲೆಯನ್ನು ಹೀಗೆ ಹೀಯಾಳಿಸಬಾರದೆಂದು ಗಡ್ಡ ಸವರಿಕೊಂಡು ವಾದಿಸಿದರು. ತಮ್ಮ ನೌಕರ ಕೆಲಸ ಬಿಡುತ್ತಿಲ್ಲ, ಭಾನುವಾರ ಮಾತ್ರ ತೆಗೆಯುತ್ತಾರೆ ಎಂದು ಯಜಮಾನರು ಮಧ್ಯೆ ಬಂದರು. ಉಡುಪು ಅರ್ಧ ಹೊಲಿದಾಗಿದೆ ಎಂದು ಟೈಲರಮ್ಮ ಹೇಳಿದರು.

ನೋಡೋಣಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೇಷ್ಟ್ರ ಗಡ್ಡ ನೋಡಿದರು, ಯಜಮಾನರ ಕಪ್ಪು ತಲೆ ನೋಡಿದರು. ಬಹಳ ತಡವಾಗಿ ಅವರ ತಲೆಯೊಳಗೆ ದೀಪ ಹತ್ತಿಕೊಂಡಿತು. ಎದ್ದು ಹೋಗಿ, ಚಪ್ಪಲಿ ಗೂಡಿನಿಂದ ಬೂಟಿನ ಡಬ್ಬಿ ತಂದು, ನಡುಮನೆಯ ಮೇಜಿನ ಮೇಲೆ ತೆರೆದಿಟ್ಟರು. ಒಳಗೆ ಹಳೆಯ ಕ್ಯಾಮೆರಾ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ರೋಲು.

"ನಾನು ಮಾಡ್ತಿರೋ ಫಿಲ್ಮು ಇದು" ಅಂದರು. "ಫೋಟೊದ ಫಿಲ್ಮು. ಇದಾ ಡಿಜಿಟಲ್ಲಾ ಅಂತ ಇನ್ನೂ ಗೊತ್ತಾಗ್ಲಿಲ್ಲ. ಅದಕ್ಕೇ ಹೇಳಿರಲಿಲ್ಲ."

ಹೆಂಡತಿ ಕ್ಯಾಮೆರಾವನ್ನು ನೋಡಿದರು, ಗಂಡನನ್ನು ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿದ್ದುದು ನಗುವಿಗೋ ಅಳುವಿಗೋ ಹೇಳುವಂತಿರಲಿಲ್ಲ. ಮಾವನವರು ಮಾತ್ರ ನೆಮ್ಮದಿಯಿಂದ ಕೂತರು. ಉಳಿದವರ ಮುಖ ನೋಡಲಾಗುತ್ತಿರಲಿಲ್ಲ. ಮೇಷ್ಟ್ರು ಕ್ಷೌರಕ್ಕೆ ಹೋಗಬೇಕು ಎಂದು ಗೊಣಗಿದರು. ಟೈಲರಮ್ಮ ಬೆರಳಿಗೆ ಸಿಕ್ಕಿಕೊಂಡಿದ್ದ ದಾರವನ್ನು ಬಿಡಿಸುತ್ತ ಕೂತರು. ಮನೆತನದ ಹೆಸರು ಹಾಳಾಗದೆ ಉಳಿದದ್ದಕ್ಕೆ ಇಷ್ಟು ಜನ ಒಟ್ಟಿಗೆ ದುಃಖಪಟ್ಟದ್ದನ್ನು ಆ ಮನೆ ಹಿಂದೆ ಕಂಡಿರಲಿಲ್ಲ.

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು. ಯಾರದೆಂದು ತಿಳಿಯಲು ಎಲ್ಲರಿಗೂ ಒಂದು ಕ್ಷಣ ಬೇಕಾಯಿತು.

"ಹಾಗಾದ್ರೆ ಆಕ್ಟಿಂಗ್ ಇಲ್ವಾ?" ಅತ್ತೆ ಕೇಳಿದರು.

ಮಾವನವರು ತಿರುಗಿ ನೋಡಿದರು. ನಿನಗೇಕೆ ಅದೆಲ್ಲ ಎಂದು ಕೇಳಿದರು. ಅತ್ತೆ ಅವರಿಗೆ ಉತ್ತರ ಕೊಡದೆ ಅಳಿಯನಿಗೇ ಹೇಳಿದರು.

"ಜಡ್ಜ್ ಪಾರ್ಟ್ ಏನಾದ್ರೂ ಇದ್ರೆ ಮಾಡೋಣ ಅಂತ ಬಂದಿದ್ದೆ. ಎಲ್ರೂ ಸುಮ್ನೆ ಕೂತಿರ್ತಾರೆ, ಒಬ್ಬರೇ ಮಾತಾಡ್ತಾರೆ. ಚೆನ್ನಾಗಿರುತ್ತೆ ಅನ್ನಿಸ್ತು."

ಯಾರೂ ನಗಲಿಲ್ಲ. ನೋಡೋಣಪ್ಪನವರು ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಅದರಿಂದ ಬರುವ ಮಾತು ಯಾವುದೆಂದು ಗೊತ್ತಿದ್ದ ಹೆಂಡತಿ ಅಷ್ಟರಲ್ಲೇ ತೀರ್ಮಾನ ಮಾಡಿಬಿಟ್ಟರು. ಬರುವ ಭಾನುವಾರ ಎಲ್ಲರೂ ತಾರಸಿಗೆ ಬರಬೇಕು. ಯಾರಿಗೆ ಯಾವ ಪಾತ್ರ ಬೇಕೋ ಆ ಉಡುಪಿನಲ್ಲಿ ಬರಬೇಕು. ಫಿಲ್ಮ್ ಅಲ್ಲದಿದ್ದರೆ ಬೇಡ, ಇವರು ಫೋಟೊ ತೆಗೆಯುತ್ತಾರೆ.

ಭಾನುವಾರ ತಾರಸಿ ತುಂಬಿತು. ಶೂಟಿಂಗ್ ನಡೆಯುವ ಕಡೆ ಫೋನು ಇರಕೂಡದೆಂದು ಮೇಷ್ಟ್ರು ಮೆಟ್ಟಿಲ ಬಳಿಯೇ ಎಲ್ಲರ ಫೋನುಗಳನ್ನು ಒಂದು ಬಕೆಟ್ಟಿಗೆ ಹಾಕಿಸಿಕೊಂಡರು. ಅವರು ಹಡಗಿನ ಕಪ್ತಾನರಾಗಿದ್ದರು. ನೀರಿನ ಟ್ಯಾಂಕಿಗೆ ಆನಿಕೊಂಡು ಕಣ್ಣಿಗೆ ಕೈ ಮರೆಮಾಡಿ, ಕಾಣದ ತೀರವನ್ನು ಹುಡುಕುತ್ತ ನಿಂತರು. ಯಜಮಾನರ ಹಾಸಿಗೆಯನ್ನು ನಾಲ್ಕು ಜನ ಮೆಟ್ಟಿಲಿನಲ್ಲಿ ಸಿಕ್ಕಿಹಾಕಿಕೊಂಡು, ಬೈದುಕೊಂಡು ಮೇಲೆ ತಂದರು. ಯಜಮಾನರು ಅದರ ಮೇಲೆ ನಾಯಕನಂತೆ ಮಲಗಿ, ಬಿಸಿಲಿನಲ್ಲಿ ನಿಜವಾಗಿಯೂ ನಿದ್ದೆಹೋದರು. ಟೈಲರಮ್ಮ ಡಾಕ್ಟರಾಗಿ ಅವರ ನಾಡಿ ಹಿಡಿದರು. ಷಡ್ಡಕ ತನ್ನ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಯಾವಾಗಲೂ ಇನ್ನೊಬ್ಬರದು ತೆಗೆಯುವುದೇ ಆಯಿತು, ತನ್ನ ಫೋಟೊ ಒಂದೂ ಇಲ್ಲ ಎಂದು ಅವನು ಸಂಕೋಚದಿಂದ ಹೇಳಿದಾಗ ನೋಡೋಣಪ್ಪನವರಿಗೆ ಕಾಗೆಯ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಅವನಿಗೆ ಕಳ್ಳನಾಗುವ ಆಸೆಯಿತ್ತು. ಕೈಗೆ ಹಗ್ಗ ಕಟ್ಟಿ ಕಟಕಟೆಯಲ್ಲಿ ನಿಲ್ಲಿಸಿದರು.

ಅತ್ತೆ, ಟೈಲರಮ್ಮ ಹೊಲಿದ ಕಪ್ಪು ನಿಲುವಂಗಿ ತೊಟ್ಟು, ಮೇಜಿನ ಮೇಲಿಟ್ಟ ಕುರ್ಚಿಯಲ್ಲಿ ಕೂತರು. ಮಾವನವರು ಇದರಲ್ಲೆಲ್ಲ ತಾವಿಲ್ಲವೆಂದು ಮೂಲೆ ಹಿಡಿದಿದ್ದರು. ಆದರೆ ಕೋರ್ಟಿನಲ್ಲಿ ಗದ್ದಲ ಹೆಚ್ಚಾಗಿ, ಅದನ್ನು ಹತೋಟಿಗೆ ತರುವವರು ಯಾರೂ ಇಲ್ಲದ್ದನ್ನು ನೋಡಿ ಅವರ ಗಾರ್ಡ್ ರಕ್ತ ಕುದಿಯಿತು. ಮುಂದೆ ಬಂದು, ಎಲ್ಲರೂ ಬಾಯಿ ಮುಚ್ಚಬೇಕು, ಜಡ್ಜ್ ಮಾತಾಡುತ್ತಾರೆ ಎಂದು ಗುಡುಗಿದರು. ಆ ಗುಡುಗು ಮೊದಲು ಮುಚ್ಚಿಸಿದ್ದು ಅವರದೇ ಬಾಯನ್ನು.

ಅತ್ತೆ ಕಳ್ಳನನ್ನು ವಿಚಾರಿಸಿ, ಹಸಿವಿಗೆ ಕದ್ದವನೆಂದು ಬಿಟ್ಟುಬಿಟ್ಟರು. ಎಲ್ಲರೂ ಮುಗಿಯಿತೆಂದುಕೊಂಡರು.

"ಇನ್ನೊಂದು ಕೇಸು ಇದೆ" ಅಂದರು ಅತ್ತೆ. "ಒಬ್ಬ ಗಾರ್ಡ್ ಇದ್ರು. ರೈಲಿನಲ್ಲಿ ಇಡೀ ದೇಶ ಸುತ್ತಿದ್ರು. ಸಮುದ್ರ ನೋಡ್ದೆ, ಬೆಟ್ಟ ನೋಡ್ದೆ ಅಂತ ಬಂದು ಹೇಳೋರು. ಹೆಂಡತಿ ಕೇಳಿಸ್ಕೊಂಡ್ಳು. ಅವಳಿಗೆ ಸಮುದ್ರ ಹೇಗಿರುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ. ಕೋರ್ಟು ಇದನ್ನ ಗಮನಿಸಿದೆ."

ಮಾವನವರು ಏನೋ ಹೇಳಲು ಹೊರಟು, ತಾವೇ ಕೊಟ್ಟ ಆಜ್ಞೆ ನೆನಪಾಗಿ ನಿಂತರು. ನೋಡೋಣಪ್ಪನವರು ಕ್ಯಾಮೆರಾದ ಕಿಂಡಿಯಲ್ಲಿ ಅತ್ತೆಯ ಮುಖ ನೋಡುತ್ತಿದ್ದರು. ಅವಸರ ಪಡಲಿಲ್ಲ. ಮಾತು ಮುಗಿಸಿ ಅತ್ತೆ ಗಲ್ಲ ಮೇಲೆತ್ತಿದ ಗಳಿಗೆಯಲ್ಲಿ ಒತ್ತಿದರು. ಆಮೇಲೆ, ಪಕ್ಕದಲ್ಲಿ ಬೆಳಕಿಗೆಂದು ಬಿಳಿ ಹೊದಿಕೆ ಹಿಡಿದು ನಿಂತಿದ್ದ ಹೆಂಡತಿ ತಾಯಿಯನ್ನೇ ನೋಡುತ್ತ ಕಣ್ಣು ತುಂಬಿ ನಗುತ್ತಿದ್ದುದು ಕಂಡು, ಯಾರನ್ನೂ ಕೇಳದೆ ಆ ಕಡೆ ತಿರುಗಿ ಇನ್ನೊಂದು ಒತ್ತಿದರು. ಆ ದಿನ ಎಷ್ಟು ತೆಗೆದರೂ ರೋಲು ಮುಗಿಯುತ್ತಲೇ ಇರಲಿಲ್ಲ. ಮೂವತ್ತಾರು ದಾಟಿತು, ನಲವತ್ತು ದಾಟಿತು. ಹಳೆಯ ಕಾಲದ ವಸ್ತುಗಳ ಧಾರಾಳವೇ ಹೀಗೆ ಎಂದು ಅವರು ಮೆಚ್ಚಿಕೊಂಡರು.

ತೊಳೆಸಲು ಒಯ್ದಾಗ ಕ್ಯಾಮೆರಾ ತಾತ, ಫಿಲ್ಮಿಗೆ ಬೆಳಕು ತಾಗದಂತೆ ಕತ್ತಲೆ ಚೀಲದಲ್ಲಿ ಕೈ ತೂರಿಸಿ ಕ್ಯಾಮೆರಾ ಬಿಚ್ಚಿದವನು ತಡವಿ ನೋಡಿ, ಕೈಯನ್ನು ಹೊರಗೆ ತೆಗೆದುಬಿಟ್ಟ. ಹಾಕುವಾಗ ರೋಲಿನ ತುದಿ ಒಳಗಿನ ಚಕ್ರಕ್ಕೆ ಸಿಕ್ಕಿಕೊಂಡಿರಲಿಲ್ಲ. ಒಂದು ಅಂಗುಲವೂ ಮುಂದೆ ಸರಿದಿರಲಿಲ್ಲ. ಕಪ್ತಾನರು, ಡಾಕ್ಟರು, ಕಳ್ಳ, ಜಡ್ಜ್ ಯಾರೂ ಅದರ ಮೇಲೆ ಬಿದ್ದಿರಲಿಲ್ಲ. ತಾತ ಬಲಗಡೆಯ ಕಪಾಟಿನಿಂದ ಒಂದು ಡಿಜಿಟಲ್ ಕ್ಯಾಮೆರಾ ತೆಗೆದು ಮುಂದಿಟ್ಟ. ಇದಾದರೆ ತಪ್ಪು ಅಲ್ಲೇ ಕಾಣುತ್ತದೆ ಅಂದ.

ನೋಡೋಣಪ್ಪನವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅದು ತಾರಸಿಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರು. ಒತ್ತಿದಾಗಲೆಲ್ಲ ಎಲ್ಲರೂ ಬಂದು ಮುತ್ತಿಕೊಂಡು ತಮ್ಮ ಮೂಗು ನೋಡುತ್ತಿದ್ದರು. ಅತ್ತೆಯ ಎರಡನೆಯ ಕೇಸು ನಡುವೆಯೇ ನಿಂತುಹೋಗುತ್ತಿತ್ತು.

"ನಂಗೆ ಹಳೇದೇ ಇರ್ಲಿ. ರೋಲು ಹಾಕೋದು ಹೇಗೆ ಅಂತ ಸರಿಯಾಗಿ ತೋರ್ಸಿ" ಅಂದರು.

ಅಲ್ಲಿಂದ ಅವರು ನೇರ ಹೆಂಡತಿಯ ಲ್ಯಾಬಿಗೆ ಹೋದರು. ಮೊದಲು ಅವಳಿಗೆ ಹೇಳಬೇಕಿತ್ತು. ಆಕೆ ಕೇಳಿ ಎಷ್ಟು ನಕ್ಕರೆಂದರೆ ಸಾಲಿನಲ್ಲಿ ಕೂತವರು ಸೂಜಿ ಯಾರ ಕೈಯಲ್ಲಿದೆ ಎಂದು ಕತ್ತೆತ್ತಿ ನೋಡಿದರು.

"ನಿಂದೂ ಒಂದು ತೆಗ್ದಿದ್ದೆ" ಎಂದರು ನೋಡೋಣಪ್ಪನವರು. "ನೀನು ಹೊದಿಕೆ ಹಿಡ್ಕೊಂಡು ಅಮ್ಮನ್ನ ನೋಡ್ತಿದ್ದಾಗ. ಅದೂ ಹೋಯ್ತು."

ಹೆಂಡತಿಯ ನಗು ನಿಂತಿತು. ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿ, ಸಂಜೆ ಬೇಗ ಬರುತ್ತೇನೆ ಅಂದರು. ಅಮ್ಮನಿಗೆ ನೀವೇ ಹೇಳಬೇಕು ಎಂದೂ ಹೇಳಿದರು.

ನೋಡೋಣಪ್ಪನವರು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತೆಗೆ ಫೋನು ಮಾಡಿ, ಹಿಂದೆಮುಂದೆ ನೋಡದೆ ಒಪ್ಪಿಸಿಬಿಟ್ಟರು: ತಪ್ಪು ತನ್ನದು, ಒಂದು ಫೋಟೊವೂ ಬಂದಿಲ್ಲ, ಅವರದೂ ಇಲ್ಲ.

"ಹಾಗಾದ್ರೆ ಕೋರ್ಟು ಇನ್ನೊಂದ್ಸಲ ಕೂರ್ಬೇಕಾಗುತ್ತೆ" ಎಂದರು ಅತ್ತೆ. "ಒಳ್ಳೇದೇ ಆಯ್ತು ಬಿಡಿ. ಮೊನ್ನೆ ಗಾಬರೀಲಿ ಒಂದೆರಡು ವಿಷಯ ಬಿಟ್ಟೋಗಿತ್ತು."

ಯಾವ ವಿಷಯ ಎಂದು ಮಾವನವರು ಹಿಂದಿನಿಂದ ಕೇಳಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅತ್ತೆ ಅವರಿಗೆ ಉತ್ತರಿಸಲಿಲ್ಲ. ನಿಲುವಂಗಿಗೆ ಇಸ್ತ್ರಿ ಹಾಕಿಸಬೇಕು, ಭಾನುವಾರ ಬೆಳಿಗ್ಗೆ ಬೇಗನೇ ಬರುತ್ತೇವೆ ಎಂದು ಅಳಿಯನಿಗೆ ಹೇಳಿ ಫೋನಿಟ್ಟರು.